ಹೆಸರಿಗೆ ಎರಡು ಹಂದಿಗಳು

ಕನ್ನಡನಾಡಿನ ಜನರು ಹಂದಿಯಲ್ಲದ ಎರಡು ಪ್ರಾಣಿಗಳಿಗೆ ಹಂದಿಯ ಹೆಸರನ್ನು ದಯಪಾಲಿಸಿದ್ದಾರೆ: ಒಂದು ಮುಳ್ಳುಹಂದಿ, ಇನ್ನೊಂದು ಚಿಪ್ಪುಹಂದಿ. ಎರಡೂ ಹಗಲು ಬಿಲದಲ್ಲಿ ಮಲಗಿ ಇರುಳು ಸಂಚರಿಸತಕ್ಕವು. ಎರಡಕ್ಕೂ ಮೈಯೇ ಕವಚ. ಆದರೆ ಇವು ಹಂದಿಯ ಕುಲದವೂ ಅಲ್ಲ, ಪರಸ್ಪರ ಬಂಧುಗಳೂ ಅಲ್ಲ.

ಪ್ರಾಣಿಶಾಸ್ತ್ರಜ್ಞರು ಹೇಳುವ ಗೋತ್ರಪ್ರವರಗಳನ್ನು ವಿಚಾರಿಸಿದರೆ, ಮುಳ್ಳುಹಂದಿಯು ಇಲಿ ಅಳಿಲುಗಳ ದಾಯಾದಿ. ಎಡೆಬಿಡದೆ ಬೆಳೆಯುವ ಬಾಚಿಹಲ್ಲುಗಳಿಂದ ಗೆಡ್ಡೆಗೆಣಸುಗಳನ್ನು ಕಡಿದು ತಿನ್ನುವುದು. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ನೀಳವಾದ ಅಂಟುನಾಲಿಗೆಯಿಂದ ಇರುವೆ ಗೆದ್ದಲುಗಳನ್ನು ನೆಕ್ಕಿ ಜೀವಿಸುವುದು. ಅದರ ಗಣಕ್ಕೆ ಫೋಲಿಡೋಟಾ ಎಂದು ಹೆಸರು. ಆ ಗಣದಲ್ಲಿ ಈಗ ಉಳಿದಿರುವ ಕುಟುಂಬ ಒಂದೇ. ಅದರ ದೂರದ ನೆಂಟಸ್ತಿಕೆಯೇನಿದ್ದರೂ ಬೆಕ್ಕು ನಾಯಿಗಳ ಕಡೆಗೆ.

ಅಮರಸಿಂಹನು ಮುಳ್ಳುಹಂದಿಯನ್ನು ಶ್ವಾವಿತ್, ಶಲ್ಯ ಎಂದು ಕರೆದು, ಅದರ ಮುಳ್ಳಿಗೂ ಶಲಲೀ ಮೊದಲಾದ ನಾಮಗಳನ್ನು ಕೊಟ್ಟಿದ್ದಾನೆ. ಸೀಮಂತೋನ್ನಯನದಲ್ಲಿ ಗರ್ಭಿಣಿಯ ಬೈತಲೆ ತೆಗೆಯುವುದಕ್ಕೆ ಗೃಹ್ಯಸೂತ್ರಗಳು ವಿಧಿಸಿದ್ದು ಈ ಶಲಲಿಯನ್ನೇ. ಅದು ಮಾರ್ಪಟ್ಟ ಕೂದಲು. ಅದರ ದ್ರವ್ಯ ಕೆರಟಿನ್. ಚಿಪ್ಪುಹಂದಿಯ ಚಿಪ್ಪೂ ಮನುಷ್ಯನ ಉಗುರೂ ಅದೇ ದ್ರವ್ಯದವು.

ದ್ರವ್ಯ ಒಂದೇ ಆದರೂ ಗತಿ ಒಂದೇ ಆಗಲಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ, ತುರ್ಕಿಯಿಂದ ಶ್ರೀಲಂಕಾದವರೆಗೆ ಹರಡಿರುವ ಮುಳ್ಳುಹಂದಿಯು ಹೆಚ್ಚಿನ ಆತಂಕವಿಲ್ಲದ ಜೀವಿಗಳ ಸಾಲಿನಲ್ಲಿದೆ. ಭಾರತದ ಚಿಪ್ಪುಹಂದಿಯು 2014ರಿಂದ ಅಳಿವಿನ ಅಪಾಯಕ್ಕೆ ಸಿಕ್ಕಿದವುಗಳ ಸಾಲಿನಲ್ಲಿದೆ.

ಶತ್ರುವನ್ನು ಕಂಡರೆ ಮುಳ್ಳುಹಂದಿಯು ಮುಳ್ಳು ನಿಮಿರಿಸಿ ಹಿಮ್ಮುಖವಾಗಿ ನುಗ್ಗುತ್ತದೆ. ಚಿಪ್ಪುಹಂದಿಯಾದರೋ ಉಂಡೆಯಾಗಿ ಸುತ್ತಿಕೊಂಡು ಸುಮ್ಮನಾಗುತ್ತದೆ. ಆ ಉಂಡೆಯನ್ನು ಬಿಚ್ಚಲಾರದೆ ಚಿರತೆಯೂ ಹಿಂದಿರುಗೀತು. ಮನುಷ್ಯನಿಗೆ ಬಿಚ್ಚುವ ಅಗತ್ಯವೇ ಇಲ್ಲ, ಗೋಣಿಚೀಲಕ್ಕೆ ಹಾಕಿಕೊಂಡರೆ ಮುಗಿಯಿತು. ಮೃಗದಿಂದ ಕಾಯುವ ಉಪಾಯವೇ ಮನುಷ್ಯನ ಕೈಗೆ ಒಪ್ಪಿಸುವ ಉಪಾಯವಾಯಿತು. ಪೂರ್ವ ಏಷ್ಯಾದ ಸಾಂಪ್ರದಾಯಿಕ ವೈದ್ಯದಲ್ಲಿ ಚಿಪ್ಪಿಗಿರುವ ಬೇಡಿಕೆಯು ಕಳ್ಳವ್ಯಾಪಾರವನ್ನು ಬೆಳೆಸಿದೆ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿಯನ್ನು ಹೆರುವುದರಿಂದ ನಷ್ಟವು ಬೇಗನೆ ತುಂಬಲಾರದು.

ರಕ್ಷಣೆಗೆ ಶಾಸನಗಳಿಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿಪ್ಪುಹಂದಿಯನ್ನು ತನ್ನ ಮೊದಲನೆಯ ಅನುಸೂಚಿಯಲ್ಲಿರಿಸಿದೆ. 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸೇರಿದ ರಾಷ್ಟ್ರಗಳು ಅದರ ಅಂತರರಾಷ್ಟ್ರೀಯ ವಾಣಿಜ್ಯವನ್ನು ನಿಷೇಧಿಸಲು ತೀರ್ಮಾನಿಸಿದವು. ಆದರೆ ಕೊಳ್ಳುವವನ ಮೂಢನಂಬಿಕೆ ತೊಲಗದೆ ಶಾಸನವೊಂದರಿಂದಲೇ ಕಾರ್ಯ ಸಾಧಿಸದು.

ತನ್ನ ಉಗುರನ್ನು ಕತ್ತರಿಸಿ ತಿಪ್ಪೆಗೆ ಎಸೆಯುವ ಮನುಷ್ಯನು, ಅದೇ ದ್ರವ್ಯವನ್ನು ಔಷಧವೆಂದು ಕೊಳ್ಳುವುದಕ್ಕಾಗಿ ಒಂದು ಕುಲವನ್ನೇ ಬಲಿಗೊಡುತ್ತಿರುವನು. ಅದನ್ನು ಹಂದಿಯೆಂದು ಕರೆದ ತಪ್ಪು ಸಣ್ಣದು. ಕರೆಯುವುದಕ್ಕೆ ಆ ಪ್ರಾಣಿಯೇ ಇಲ್ಲದಂತೆ ಮಾಡುವ ತಪ್ಪಿಗೆ ಪ್ರಾಯಶ್ಚಿತ್ತವಿಲ್ಲ.