ಕಡತವೂ ಯಂತ್ರವೂ

ಈಗಿನ ತರುಣರಲ್ಲಿ ಕಡತವೆಂದರೇನೆಂದು ಕೇಳಿದರೆ ಕಚೇರಿಯ ಕಾಗದದ ಕಟ್ಟೆಂದು ಹೇಳುವರು. ಅದು ಮೊದಲು ಕಾಗದವಾಗಿರಲಿಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕವೇ ಕಡತ. ನಮ್ಮ ಪೂರ್ವಿಕರು ಶ್ಯಾನುಭೋಗಿಕೆಯನ್ನು ನಡೆಸಿದವರಾದುದರಿಂದ ಅಂಥದೊಂದನ್ನು ನಾವು ಬಾಲ್ಯದಲ್ಲಿ ಕಂಡಿದ್ದೆವು. ಬರೆದುದನ್ನು ಒರೆಸಬಹುದು, ಒರೆಸಿ ಪುನಃ ಬರೆಯಬಹುದು. ಇದೇ ಅದರ ಗುಣ, ಇದೇ ಅದರ ದೋಷ. ಬಟ್ಟೆ ಹೋಗಿ ಕಾಗದ ಬಂದಿತು. ಈಗ ಕಾಗದವೂ ಹೋಗಿ, ಗುಮಾಸ್ತರಿಂದ ಅಧಿಕಾರಿಯವರೆಗೆ ಕಂಪ್ಯೂಟರಿನ ಪರದೆಯ ಮೇಲೆಯೇ ಸಾಗುವ ವಸ್ತುವಿಗೂ ಕಡತವೆಂದೇ ಹೆಸರು ನಿಂತಿದೆ. ಹೆಸರುಗಳ ಆಯುಷ್ಯ ವಸ್ತುಗಳ ಆಯುಷ್ಯಕ್ಕಿಂತ ದೊಡ್ಡದು.

ವಂಶಪಾರಂಪರ್ಯದ ಶ್ಯಾನುಭೋಗಿಕೆಯು 1961ರ ಶಾಸನದಿಂದ ರದ್ದಾಗಿ, ಗ್ರಾಮಲೆಕ್ಕಿಗರು ಬಂದರು. ಲೆಕ್ಕಿಗರು ಬದಲಾದರೂ ಪುಸ್ತಕವು ಅವರ ಚೀಲದಲ್ಲಿಯೇ ಉಳಿಯಿತು. ರಾಜ್ಯದಲ್ಲಿ ಸುಮಾರು 9,000 ಮಂದಿ ಲೆಕ್ಕಿಗರು. ರೈತನಿಗೆ ತನ್ನ ಭೂಮಿಯ ಪಹಣಿ ಬೇಕಾದರೆ ಆ ಚೀಲವು ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಎಲೆಯಡಕೆಯ ಖರ್ಚೆಂಬ ಹೆಸರಿನಲ್ಲಿ ಏನೇನು ಕೈ ಬದಲಾಯಿಸುತ್ತಿತ್ತೆಂಬುದನ್ನು ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಹೀಗಿರಲು, 'ಭೂಮಿ' ಎಂಬ ಯೋಜನೆಯು 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ತುಂಬಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಒಂದರಂತೆ ಯಾರಿಗೆ ಬೇಕಾದರೂ ಕೊಡತೊಡಗಿತು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಲಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಮುಂದಕ್ಕೆ ಹೋಗತಕ್ಕವು, ಹಿಂದಿನದನ್ನು ಮುಗಿಸದೆ ಮುಂದಿನದನ್ನು ಮುಟ್ಟುವಂತಿಲ್ಲ. ತಿದ್ದುವ ಅಧಿಕಾರಿಯು ಬೆರಳಿನ ಗುರುತನ್ನು ಒತ್ತಿಯೇ ಒಳಗೆ ಹೋಗಬೇಕು. ಯಾರು ಒರೆಸಿದರೆಂಬುದೂ ಬರೆದುಹೋಗುವ ಕಡತವಿದು! ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಕೆಲವರು ಸಂತೋಷಪಡುತ್ತಿದ್ದರು, ಕೆಲವರು ಪಡುತ್ತಿರಲಿಲ್ಲ.

ಈ ಚಿಂತೆ ಹೊಸದೇನೂ ಅಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಚೇರಿಗೆ ಒಂದು ಅಧ್ಯಾಯವೇ ಉಂಟು. ಆಷಾಢಮಾಸಕ್ಕೆ ಲೆಕ್ಕಗಳೆಲ್ಲ ಬಂದು ಸೇರಬೇಕೆಂದು ಅಲ್ಲಿ ಗಡುವಿದೆ. ಅಧಿಕಾರಿಗಳು ಧನವನ್ನು ಅಪಹರಿಸುವ ಉಪಾಯಗಳು ನಲವತ್ತೆಂದು ಅವನು ಎಣಿಸಿಟ್ಟಿದ್ದಾನೆ. ಯಂತ್ರವು ಅವುಗಳಲ್ಲಿ ಬಹುಪಾಲನ್ನು ಮುಚ್ಚಬಲ್ಲುದೆಂದೇ ನಮ್ಮ ಎಣಿಕೆ.

ಗಡುವಿನ ಮಾತು ಬಂದುದರಿಂದ 'ಸಕಾಲ'ವನ್ನೂ ಹೇಳಬೇಕು. 2011ರ ಶಾಸನದ ಮೇಲೆ 2012ರ ಏಪ್ರಿಲ್ ತಿಂಗಳಲ್ಲಿ ರಾಜ್ಯದಾದ್ಯಂತ ಆರಂಭವಾದ ಈ ವ್ಯವಸ್ಥೆಯಲ್ಲಿ ಅರ್ಜಿದಾರನಿಗೆ 15 ಅಂಕಿಗಳ ಒಂದು ಸಂಖ್ಯೆಯನ್ನು ಕೊಡುವರು. ನಿಯಮಿತ ದಿನಗಳೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವನ್ನು ಕೇಳಬಹುದು. ಹೆಸರಿಟ್ಟವರು ಸಂಸ್ಕೃತ ಬಲ್ಲವರಿರಬೇಕು. ದೀರ್ಘವನ್ನು ನುಂಗಿ 'ಸಕಲ' ಎನ್ನುವವರನ್ನು ಮಾತ್ರ ನಾವು ಕಂಡಲ್ಲೆಲ್ಲ ತಿದ್ದುತ್ತೇವೆ. ಸಕಲವೂ ಸಕಾಲದಲ್ಲಿ ಆಗುವುದಿಲ್ಲ. ಅರ್ಜಿಯನ್ನು ಗಡುವಿನೊಳಗೆ ತಿರಸ್ಕರಿಸಿದರೂ ಅದು ವಿಲೇವಾರಿಯೇ. ದಿನವನ್ನೆಣಿಸುವ ಯಂತ್ರಕ್ಕೆ ಕೊಟ್ಟದ್ದೂ ಕೊಡದೆ ಕಳುಹಿಸಿದ್ದೂ ಒಂದೇ ಬಗೆಯ ಪುಣ್ಯ.

ಇದನ್ನು ನಾವು ಊಹೆಯಿಂದ ಹೇಳುತ್ತಿಲ್ಲ. ಯಲಹಂಕದ ಹಳೆಯ ಪೇಟೆಯ ಕಡೆ ವಾಸಿಸುವ ನಾವು ನಿವೃತ್ತರಾದ ಬಳಿಕ ನೆರೆಹೊರೆಯವರ ಅರ್ಜಿಗಳನ್ನು ಬರೆದುಕೊಡುವ ಉದ್ಯೋಗವನ್ನು ಸಂಬಳವಿಲ್ಲದೆ ಹಿಡಿದಿದ್ದೇವೆ. ಹಾಲು ಮಾರಿ ಜೀವಿಸುವ ವೃದ್ಧೆಯೊಬ್ಬಳು, ಗಂಡನು ತೀರಿಕೊಂಡ ಮೇಲೆ, ಊರ ಹೊರಗಿನ ಇಪ್ಪತ್ತು ಗುಂಟೆಯ ಪೌತಿ ಖಾತೆಗಾಗಿ ನಮ್ಮಲ್ಲಿಗೆ ಬಂದಳು. ವಿಮಾನ ನಿಲ್ದಾಣದ ರಸ್ತೆಯಾದಂದಿನಿಂದ ಈ ಕಡೆಯ ಗುಂಟೆಯ ಬೆಲೆ ಏನೆಂಬುದು ಎಲ್ಲರಿಗೂ ತಿಳಿದಿದೆ. ಆದಕಾರಣ ಮೈದುನನ ಮಕ್ಕಳ ಕಣ್ಣೂ ಅದರ ಮೇಲಿತ್ತು. ಅರ್ಜಿ ಹೋಯಿತು, ಸಂಖ್ಯೆ ಬಂದಿತು, ಗಡುವಿಗೆ ಮುಂಚೆಯೇ ಉತ್ತರವೂ ಬಂದಿತು: ತಿರಸ್ಕೃತ. ಕಾರಣವೇನೆಂದರೆ, ಮರಣಪತ್ರದಲ್ಲಿ ಗಂಡನ ಹೆಸರಿನ ಕೊನೆ 'ಸ್ವಾಮಿ'; ಪಹಣಿಯಲ್ಲಿ 'ಶಾಮಿ'.

ನಮ್ಮ ಸೀಮೆಯಲ್ಲಿ ಸ್ವಾಮಿಯು ಶಾಮಿಯಾಗುವುದು ಎಷ್ಟು ಸಹಜವೆಂಬುದನ್ನು ಯಾವ ಹಳ್ಳಿಯ ಹುಡುಗನಾದರೂ ಹೇಳುವನು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನು ಮೀಸಲಿಟ್ಟು, ಸಂಸ್ಕೃತ ಶಬ್ದಗಳು ಕನ್ನಡಿಗರ ನಾಲಗೆಯಲ್ಲಿ ಹೇಗೆ ರೂಪಾಂತರ ಹೊಂದುವುವೆಂದು ವಿಧಿಸಿದನು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾವು ಮಕ್ಕಳಿಗೆ ತತ್ಸಮ ತದ್ಭವಗಳನ್ನು ಬೋಧಿಸಿದೆವು. ಪಹಣಿ, ಖಾತೆ, ಪೌತಿ ಎಂಬ ಪರದೇಶದ ಮಾತುಗಳನ್ನೆಲ್ಲ ಉಂಡು ಅರಗಿಸಿಕೊಂಡಿರುವ ಯಂತ್ರವು, ಮನೆಯ ಮಾತಾದ ಈ ಒಂದು ತದ್ಭವಕ್ಕೆ ಒಪ್ಪಲಿಲ್ಲ. ಅಕ್ಷರ ಬೇರೆಯಾದರೆ ಮನುಷ್ಯನೇ ಬೇರೆ ಎಂಬುದು ಅದರ ವ್ಯಾಕರಣ.

ಎರಡನೆಯ ಸಲ ಛಾಪಾಕಾಗದದ ಮೇಲೆ ಪ್ರಮಾಣ ಮಾಡಿಸಿ ಕಳುಹಿಸಿದೆವು. ಅದೂ ಹಿಂತಿರುಗಿತು. ಯಾವ ಕಚೇರಿಯೆಂದು ನಾವು ಹೇಳುವುದಿಲ್ಲ. ಅಲ್ಲಿನ ಗುಮಾಸ್ತರು ಸಭ್ಯರೇ, "ನಾನೇನು ಮಾಡಲಿ ಸಾರ್, ಸಿಸ್ಟಂ ತೊಗೊಳ್ಳೋದಿಲ್ಲ" ಎಂದು ಪರದೆಯನ್ನು ನಮ್ಮ ಕಡೆಗೇ ತಿರುಗಿಸಿ ತೋರಿಸಿದರು. ಇಷ್ಟರಲ್ಲಿ ಮೈದುನನ ಮಕ್ಕಳು, ಪಹಣಿಯಲ್ಲಿರುವವನು ನಮ್ಮ ತಾತ, ದೊಡ್ಡಪ್ಪನಲ್ಲ, ಎಂದು ಹೇಳತೊಡಗಿದರು. ಮುದುಕಿಯು ಅಂದು ಸಂಜೆ ನಮ್ಮ ಜಗುಲಿಯಲ್ಲಿ ಕುಳಿತು, "ಮೇಷ್ಟ್ರೇ, ನಲವತ್ತು ವರ್ಷ ಬಾಳ್ವೆ ಮಾಡಿದೆ. ನಾನು ಯಾರ ಹೆಂಡ್ತಿ ಅಂತ ಆ ಪೆಟ್ಟಿಗೆ ಹೇಳ್ಬೇಕಾ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಉತ್ತರ ದೊರೆತದ್ದು ಹಳೆಯ ಪದ್ಧತಿಯಿಂದಲೇ. ಹೊಸದಾಗಿ ವರ್ಗವಾಗಿ ಬಂದಿದ್ದ ತರುಣ ಗ್ರಾಮಾಧಿಕಾರಿಯೊಬ್ಬರು ದ್ವಿಚಕ್ರವಾಹನವನ್ನೇರಿ ಹೊಲದ ಬಳಿಗೇ ಹೋದರು. ಅಶ್ವತ್ಥದ ಕಟ್ಟೆಯ ಮೇಲೆ ಐದು ಮಂದಿ ಹಿರಿಯರನ್ನು ಕೂಡಿಸಿ, ಹೊಲದ ಚಕ್ಕುಬಂದಿಯನ್ನು ಕೇಳಿ, ಉತ್ತವನಾರು, ಕಂದಾಯ ಕಟ್ಟಿದವನಾರು ಎಂದು ವಿಚಾರಿಸಿ, ಈ ಎರಡು ಹೆಸರಿನವನೂ ಒಬ್ಬನೇ ಎಂದು ಮಹಜರು ಬರೆದು ರುಜು ಹಾಕಿಸಿದರು. ಮೈದುನನ ಮಕ್ಕಳೂ ಅಲ್ಲಿದ್ದರು. ಹಿರಿಯರ ಮುಖ ನೋಡಿ ಸುಮ್ಮನಾದರು. ಆ ಮಹಜರನ್ನು ಯಂತ್ರಕ್ಕೆ ತೋರಿಸಿದ ಮೇಲೆ ಯಂತ್ರವೂ ಸುಮ್ಮನಾಯಿತು. ಕಟ್ಟೆಯ ಮೇಲೆ ನಡೆದ ಕೆಲಸಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಅದಕ್ಕೆ ಮೊದಲು ಏಳು ತಿಂಗಳು ಕಳೆದಿದ್ದವು.

ಇದರಿಂದ ಯಂತ್ರವನ್ನು ತೆಗೆದು ಚೀಲವನ್ನು ಮರಳಿ ತನ್ನಿರೆಂದು ನಾವು ಹೇಳುವವರಲ್ಲ. ಚೀಲದ ಕಾಲದಲ್ಲಾದರೆ ಮೈದುನನ ಮಕ್ಕಳು ಒಂದು ರಾತ್ರಿಯಲ್ಲಿ ಬಳಪವನ್ನು ಕೊಳ್ಳುತ್ತಿದ್ದರು. ಮುದುಕಿಗೆ ತಿರಸ್ಕಾರದ ಪತ್ರವೂ ಸಿಕ್ಕುತ್ತಿರಲಿಲ್ಲ. ಆದರೆ ಕಟ್ಟೆಗೆ ಹೋಗಬಲ್ಲ ಒಬ್ಬ ಅಧಿಕಾರಿಗೆ ಹೋಗಲು ವೇಳೆಯನ್ನೂ, ಹೋಗಿ ಬರೆದದ್ದಕ್ಕೆ ಬೆಲೆಯನ್ನೂ ಸರಕಾರವು ಕೊಡಬೇಕು. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ಮನೆ ನಿವೇಶನಗಳ ನೋಂದಣಿಗೂ ಇ-ಖಾತೆ ಬೇಕೆಂದಾಯಿತು. 2025ರ ಸೆಪ್ಟೆಂಬರಿನಲ್ಲಿ ನಗರವೇ ಐದು ಪಾಲಿಕೆಗಳಾಗಿ ಒಡೆದು ನಾವು ಉತ್ತರದವರಾದೆವು. ಹೆಬ್ಬಾಳದಿಂದಲೂ ರವೀಂದ್ರನಾಥ ಠಾಕೂರ್ ನಗರದಿಂದಲೂ ಪರಿಚಿತರು ತಮ್ಮ ತಮ್ಮ ಒತ್ತಕ್ಷರಗಳ ತಾಪತ್ರಯವನ್ನು ಹೊತ್ತು ಬರುತ್ತಿದ್ದಾರೆ.

ಮುದುಕಿಯ ಹೆಸರಿಗೆ ಪಹಣಿಯಾಗಿದೆ. ಅದನ್ನು ಎರಡು ಸಲ ಓದಿಸಿ ಕೇಳಿದಳು. ಮೂರನೆಯ ಸಲ ಓದುವಾಗ, ಆಕೆಯ ಪಡಿತರ ಚೀಟಿಯಲ್ಲಿ ಹೆಸರು ಬೇರೆಯ ಒತ್ತಿನಿಂದ ಬರೆದಿರುವುದು ನಮ್ಮ ಕಣ್ಣಿಗೆ ಬಿದ್ದಿತು. ಸೋಮವಾರ ಬರಹೇಳಿದ್ದೇವೆ.