ಗಾಡಿಯ ಸೊಂಟ ನೋವು

ಗಲ್ಫಿನಲ್ಲಿ ಪಿಕಪ್ ಕಾಣದ ದಿನವಿಲ್ಲ. ನೀರಿನ ಕ್ಯಾನು, ಸ್ಕಾಫೋಲ್ಡಿಂಗ್ ಪೈಪು, ಎ.ಸಿ. ಯೂನಿಟ್ಟು, ಜೊತೆಗೆ ನಾವು, ಎಲ್ಲವನ್ನೂ ಹೊರುವುದು ಅದೇ. ಷಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದರಲ್ಲಿ ಹದಿನಾಲ್ಕು ವರ್ಷದಿಂದ ಇವುಗಳ ಕೆಳಗೆ ಮಲಗಿ ಕೆಲಸ ಮಾಡುತ್ತಿರುವ ನಾನು ಈ ಸಲ ಬರೆಯುತ್ತಿರುವುದು ಅಂಗೈಯಗಲದ ಒಂದು ರಬ್ಬರಿನ ಬಗ್ಗೆ.

ಪಿಕಪ್‌ಗೆ ಕಾರಿನ ಹಾಗೆ ಒಂದೇ ಮೈಯಲ್ಲ. ಕೆಳಗೆ ಏಣಿಯಂಥ ಚಾಸಿ, ಅದರ ಮೇಲೆ ಬೋಲ್ಟ್ ಬಿಗಿದು ಕೂರಿಸಿದ ಕ್ಯಾಬಿನ್ನು. ಕಬ್ಬಿಣಕ್ಕೆ ಕಬ್ಬಿಣ ತಾಗದಿರಲೆಂದು ನಡುವೆ ರಬ್ಬರ್ ಬುಷ್ ಇರುತ್ತವೆ. ಇವೇ ಬಾಡಿ ಮೌಂಟ್. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ನುಂಗಿ ಉಳಿದ ನಡುಕವನ್ನು ಇವು ನುಂಗಬೇಕು. ಇಲ್ಲಿನ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಆಯಿಲ್ ಸೋರಿ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಕಡಲಿನ ಉಪ್ಪುಗಾಳಿಗೆ ಬೋಲ್ಟ್ ತುಕ್ಕು ತಿನ್ನುತ್ತದೆ.

ಎರಡು ವರ್ಷದ ಹಿಂದೆ ಬೈಂದೂರು ಕಡೆಯ ಹುಡುಗನೊಬ್ಬ ಡಬಲ್ ಕ್ಯಾಬಿನ್ ಗಾಡಿ ತಂದ. ದಿನಾ ಖೋರ್ ಖ್ವೈರ್ ಕಡೆಯ ಕಲ್ಲು ಕ್ವಾರಿಗೆ ಆಳುಗಳನ್ನು ಕರೆದೊಯ್ಯುವ ಕೆಲಸ. "ಅಣ್ಣ, ಡಾಕ್ಟರು ಸೊಂಟಕ್ಕೆ ಬೆಲ್ಟ್ ಕೊಟ್ರು, ಕಂಪೆನಿ ಎರಡು ಸಲ ಶಾಕ್ ಬದಲಿಸ್ತು. ಎರಡರಿಂದಲೂ ಪ್ರಯೋಜನ ಇಲ್ಲ ಮಾರಾಯ್ರೆ" ಎಂದ. ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗುವ ಯೋಚನೆಯಲ್ಲಿದ್ದ. ತಂಗಿಯ ಮದುವೆಯ ಸಾಲ ಇನ್ನೂ ಬಾಕಿಯಿತ್ತು. ಸೂಪರ್‌ವೈಸರನ ಉತ್ತರ ಒಂದೇ: "ಹಳೇ ಗಾಡಿ, ಹಾಗೇ ಇರ್ತದೆ."

ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋಗಿ ನೋಡಿದೆ. ಸ್ಪ್ರಿಂಗ್, ಶಾಕ್ ಚೆನ್ನಾಗಿದ್ದವು. ಕ್ಯಾಬಿನ್ನಿನ ಹಿಂದಿನ ಎರಡು ಬುಷ್ ಮಾತ್ರ ಹಪ್ಪಳದಂತೆ ಚಪ್ಪಟೆಯಾಗಿದ್ದವು. ಒಂದೊಂದು ಹಂಪ್‌ಗೂ ಕ್ಯಾಬಿನ್ನು ಚಾಸಿಗೆ ಬಡಿಯುತ್ತಿತ್ತು. ಆ ಪೆಟ್ಟು ನೇರ ಸೀಟಿಗೆ, ಸೀಟಿನಿಂದ ಬೆನ್ನಿಗೆ. ಅವನ ಬೆನ್ನಿಗೆ ಮಾತ್ರವಲ್ಲ, ಹಿಂದೆ ಕೂತ ಮೂವರದ್ದಕ್ಕೂ.

ನಿಮ್ಮ ಗಾಡಿಯಲ್ಲೂ ಹೀಗಿದೆಯೇ? ಹಂಪ್ ದಾಟುವಾಗ ಕಾಲಡಿಯಲ್ಲಿ ಧಡ್ ಎಂಬ ಶಬ್ದ, ಕ್ಯಾಬಿನ್ನಿಗೂ ಹಿಂದಿನ ತೊಟ್ಟಿಗೂ ನಡುವಿನ ಸಂದು ಒಂದು ಬದಿ ಹೆಚ್ಚು ಒಂದು ಬದಿ ಕಡಿಮೆ, ಬಾಗಿಲು ಸರಿಯಾಗಿ ಕೂರದಿರುವುದು, ಬ್ರೇಕ್ ಹಾಕಿದಾಗ ಕ್ಯಾಬಿನ್ನು ಮುಂದೆ ಸರಿದಂತೆ ಅನಿಸುವುದು. ಇವೆಲ್ಲ ಲಕ್ಷಣಗಳು. ಚಕ್ರದ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಇವು ಹೋಗುವುದಿಲ್ಲ, ಏಕೆಂದರೆ ಚಕ್ರಗಳಿರುವುದು ಚಾಸಿಯಲ್ಲಿ. ಹಾಗೆಂದು ಎಲ್ಲ ಶಬ್ದಕ್ಕೂ ಬಾಡಿ ಮೌಂಟೇ ಕಾರಣವಲ್ಲ. ಹಿಂದಿನ ಲೀಫ್ ಸ್ಪ್ರಿಂಗ್‌ನ ಶ್ಯಾಕಲ್ ಬುಷ್, ಮುಂದಿನ ಕಂಟ್ರೋಲ್ ಆರ್ಮ್ ಬುಷ್ ಸವೆದರೂ ಸದ್ದು ಬರುತ್ತದೆ. ಒಂದೊಂದನ್ನೇ ನೋಡಬೇಕು.

ಬದಲಿಸುವಾಗ ಅವಸರ ಬೇಡ. ಒಂದು ಬದಿಯ ಬೋಲ್ಟ್‌ಗಳನ್ನು ಸಡಿಲಿಸಿ, ಜ್ಯಾಕ್ ಮೇಲೆ ಮರದ ಹಲಗೆ ಇಟ್ಟು, ಕ್ಯಾಬಿನ್ನನ್ನು ಬೇಕಾದಷ್ಟೇ ಎತ್ತಬೇಕು. ಬ್ರೇಕ್ ಪೈಪು, ವೈರು, ಸ್ಟಿಯರಿಂಗ್ ಶಾಫ್ಟ್ ಎಳೆದುಕೊಳ್ಳದಂತೆ ಕಣ್ಣಿಡಬೇಕು. ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು. ಪಾಲಿಯುರೆಥೇನ್ ಬುಷ್ ಹೆಚ್ಚು ಗಟ್ಟಿ, ಆದರೆ ನಡುಕವನ್ನು ರಬ್ಬರಿಗಿಂತ ಜಾಸ್ತಿ ಒಳಗೆ ಬಿಡುತ್ತದೆ. ಬೆನ್ನು ನೋವಿನವರಿಗೆ ರಬ್ಬರೇ ಮೇಲು.

ಆ ಹುಡುಗನಿಗೆ ನಾನು ಹೇಳಿದ್ದು ಒಂದೇ: ದೂರನ್ನು ಬಾಯಲ್ಲಿ ಹೇಳಬೇಡ, ತಾರೀಕು ಹಾಕಿ ಬರೆದು ಕೊಡು, ಕಿತ್ತ ಬುಷ್‌ನ ಫೋಟೋ ಇಡು. ಅವನು ಹಾಗೇ ಮಾಡಿದ. ಆಮೇಲೆ ಕಂಪೆನಿ ಉಳಿದ ಮೂರು ಗಾಡಿಗಳನ್ನೂ ನಮ್ಮಲ್ಲಿಗೇ ಕಳಿಸಿತು. ಅವನ ನೋವು ಪೂರ್ತಿ ಹೋಗಿಲ್ಲ, ಆದರೆ ಬೆಲ್ಟ್ ಬಿಚ್ಚಿಟ್ಟಿದ್ದಾನೆ, ವೀಸಾ ಕ್ಯಾನ್ಸಲ್ ಮಾತು ಬಿಟ್ಟಿದ್ದಾನೆ.

ಗಾಡಿ ಕಂಪೆನಿಯದ್ದು, ಬೆನ್ನು ನಮ್ಮದು. ಮುಂದಿನ ಸಲ ಆಯಿಲ್ ಬದಲಿಸಲು ಹೋದಾಗ "ಬಾಡಿ ಮೌಂಟ್ ಒಮ್ಮೆ ನೋಡಿ" ಎಂದು ಹೇಳಿ. ಟಾರ್ಚ್ ಹಿಡಿದು ನೋಡಲು ಐದು ನಿಮಿಷ ಸಾಕು.