ಕಾಲು ಮಡಿಸದ ಬಸ್ಸು

ಮನೆಗೆ ಚಕ್ರ ಕಟ್ಟಿಕೊಂಡು ಊರೂರು ತಿರುಗುವ ಹುಚ್ಚು ಅಮೆರಿಕದವರಿಗೆ ಬಹಳ ಹಳೆಯದು. ಆ ವಾಹನಕ್ಕೆ ಅವರು ಮೋಟಾರ್‌ಹೋಮ್ ಎನ್ನುತ್ತಾರೆ. ನಾನು ನನ್ನ ಪಾಡಿಗೆ ಬಸ್ಸು ಎನ್ನುತ್ತೇನೆ. ಹೊರಗಿನಿಂದ ನೋಡಿದರೆ ಬಸ್ಸೇ. ಒಳಗೆ ಮಾತ್ರ ಮಂಚವುಂಟು, ಒಲೆಯುಂಟು, ಬಚ್ಚಲುಂಟು. ನನ್ನಾಕೆ ಎಲ್ಲಿಗೆ ಹೋದರೂ ಮೊದಲು ಹುಡುಕುವ, ದೇವರ ಪಟ ಇಡುವುದಕ್ಕೊಂದು ಮೂಲೆಯೂ ಉಂಟು. ನಮ್ಮ ಅಳಿಯಂದಿರು ಇಬ್ಬರು ಗೆಳೆಯರೊಡನೆ ಪಾಲು ಹಾಕಿ ಇಂಥದೊಂದನ್ನು ಹಳೆಯದಾಗಿಯೇ ಕೊಂಡಿದ್ದರು. ನಾವು ಮಗಳ ಮನೆಗೆ ಹೋಗಿದ್ದಾಗ ಅದರಲ್ಲೇ ನಮ್ಮನ್ನು ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಕರೆದೊಯ್ದರು.

ಕಣಿವೆಯ ವರ್ಣನೆ ನಾನು ಮಾಡುವುದಿಲ್ಲ. ನೋಡಿ ಬಂದವರೆಲ್ಲ ಅದನ್ನು ಮಾಡಿದ್ದಾರೆ, ನೋಡದವರೂ ಕೆಲವರು ಮಾಡಿದ್ದಾರೆ. ಇಲ್ಲಿ ಹೇಳಬೇಕೆಂದಿರುವುದು ಬಸ್ಸಿನ ಕಾಲುಗಳ ವಿಚಾರ.

ಚಕ್ರವಿರುವ ಬಸ್ಸಿಗೆ ಕಾಲೇಕೆ ಎನ್ನುವಿರೇನೋ. ನಿಲ್ಲಿಸಿದ ಕಡೆ ನೆಲ ಸಮವಾಗಿರುವುದಿಲ್ಲ. ಓರೆಯಾದ ಮಂಚದಲ್ಲಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಗಂಡಹೆಂಡಿರಿಬ್ಬರೂ ಒಂದೇ ಗೋಡೆಗೆ ಒತ್ತಿಕೊಂಡಿರುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ತಂಗಳು ಪೆಟ್ಟಿಗೆ. ಇಂಥ ಅನೇಕ ಬಸ್ಸುಗಳ ತಂಗಳು ಪೆಟ್ಟಿಗೆ ಅಡುಗೆಯ ಅನಿಲದಿಂದಲೂ ನಡೆಯುತ್ತದೆ. ಅದರಲ್ಲಿ ತಿರುಗುವ ಯಂತ್ರವೇ ಇಲ್ಲ. ಅಮೋನಿಯ ಬೆರೆತ ನೀರು ಕಾದು, ಆವಿಯಾಗಿ, ತನ್ನ ಭಾರದಿಂದಲೇ ಕೆಳಕ್ಕೆ ಹರಿದು ಮರಳಬೇಕು. ಬಸ್ಸು ವಾಲಿದ್ದರೆ ಆ ನೀರು ಅಲ್ಲಲ್ಲೇ ನಿಂತು ಪೆಟ್ಟಿಗೆಯೇ ಕೆಡುತ್ತದೆ. ಹಾಗಾಗಿ ನಾಲ್ಕು ಮೂಲೆಗೆ ನಾಲ್ಕು ಎಣ್ಣೆಯ ಜಾಕುಗಳು. ಗುಂಡಿಯೊತ್ತಿದರೆ ಬ್ಯಾಟರಿಯ 12 ವೋಲ್ಟಿನಿಂದ ಒಂದು ಮೋಟಾರು ತಿರುಗಿ, ಪಂಪು ಎಣ್ಣೆಯನ್ನು ದಬ್ಬಿ, ಎಂಟು ಹತ್ತು ಟನ್ನಿನ ಬಸ್ಸನ್ನು ಆನೆ ಎದ್ದುನಿಂತ ಹಾಗೆ ಎತ್ತಿ ನಿಲ್ಲಿಸುತ್ತದೆ. ಕೆಲವು ಬಸ್ಸುಗಳಲ್ಲಿ ಕಾಲನ್ನು ಹಿಂದಕ್ಕೆ ಮಡಿಸುವ ಕೆಲಸ ಸ್ಪ್ರಿಂಗಿನದು. ನಮ್ಮದರಲ್ಲಿ ಅದಕ್ಕೂ ಪಂಪೇ ಬೇಕು. ಕಾಲು ಮಡಿಸದೆ ಬಸ್ಸು ಹೊರಡುವಂತಿಲ್ಲ.

ಮೂರನೆಯ ದಿನ, ಶನಿವಾರ ಬೆಳಗ್ಗೆ, ಅದು ಕಾಲು ಮಡಿಸಲಿಲ್ಲ. ಗುಂಡಿಯೊತ್ತಿದರೆ ಟಿಕ್ ಎಂದು ಒಂದು ಸದ್ದು, ಒಂದು ನರಳಾಟ, ಆಮೇಲೆ ಮೌನ. ಬ್ಯಾಟರಿಯ ಶಕ್ತಿ ಸಾಲದೆಂದು ಹಲಗೆಯ ಮೇಲೊಂದು ಕೆಂಪು ದೀಪ. ಅಳಿಯಂದಿರು ಮೀಟರು ಹಿಡಿದು ನೋಡಿದರು: 12.6 ವೋಲ್ಟು, ತುಂಬಿದ ಬ್ಯಾಟರಿ. ಫೋನು ಮಾಡಿದರೆ, ಮಂಗಳವಾರಕ್ಕೆ ಮೊದಲು ಬರಲಾರೆನೆಂದ ಮೆಕ್ಯಾನಿಕ್ಕು. ಅದನ್ನು ಕೇಳಿ ಅವರ ಮುಖ ಬಿಳಿಚಿಕೊಂಡದ್ದು ನನಗೆ ಸ್ವಲ್ಪ ಅತಿಯೆನಿಸಿತು. ಎರಡು ದಿನ ಹೆಚ್ಚಿಗೆ ಕಣಿವೆ ನೋಡಿದರೆ ಯಾರಿಗೇನು ನಷ್ಟ?

ನಾನು ವಿದ್ಯುತ್ ಇಲಾಖೆಯಲ್ಲಿ 30 ವರ್ಷ ಮೀಟರು ಹಿಡಿದವನು. ಮೋಟಾರಿನ ಪೆಟ್ಟಿಗೆಯ ಬಾಗಿಲು ತೆಗೆಸಿದೆ. ಅದಕ್ಕೂ ಮೊದಲು ಚಕ್ರಗಳಿಗೆ ಅಡ್ಡ ಕೊಟ್ಟು, ಚಾಸಿಯ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಪೇರಿಸಿದೆವು. ಎಣ್ಣೆಯ ಮೇಲೆ ನಿಂತ ಬಸ್ಸಿನಡಿಗೆ ಬರಿದೇ ತಲೆಯೊಡ್ಡುವವನು ಹೆಂಡತಿಯ ಕುಂಕುಮದ ಮೇಲೆ ಬಹಳ ಭರವಸೆಯಿಟ್ಟಿರಬೇಕು.

“ಮಾವ, ನೀವು ಏಳಿ, ಬಟ್ಟೆ ಕೊಳೆಯಾಗುತ್ತೆ.”

“ಬಟ್ಟೆ ಒಗೆದರಾಯಿತು. ನಾನು ಸಾಕು ಅನ್ನುವವರೆಗೆ ನೀವು ಗುಂಡಿ ಒತ್ತಿ ಹಿಡಿಯಿರಿ.”

ಟಿಕ್ ಎಂಬ ಸದ್ದೇ ಅರ್ಧ ಉತ್ತರ ಕೊಟ್ಟಿತ್ತು. ಗುಂಡಿಯಿಂದ ಬಂದ ಆಜ್ಞೆ ರಿಲೇಯವರೆಗೆ ಮುಟ್ಟುತ್ತಿದೆ, ಕೈಬ್ರೇಕಿನ ಸ್ವಿಚ್ಚು ಸರಿಯಿದೆ, ಫ್ಯೂಸೂ ಸರಿಯಿದೆ. ಕೊರತೆಯಿರುವುದು ದಪ್ಪ ತಂತಿಗಳ ದಾರಿಯಲ್ಲಿ. ಇನ್ನು 12.6ರ ಮಾತು. ಕೆಲಸವಿಲ್ಲದೆ ಕೂತ ಬ್ಯಾಟರಿಯನ್ನು ಅಳೆಯುವುದೂ ಮಲಗಿದ ಎತ್ತನ್ನು ನೋಡಿ ಬೆಲೆ ಕಟ್ಟುವುದೂ ಒಂದೇ. ನೊಗ ಹೊತ್ತಾಗ ನೋಡಬೇಕು. ಗುಂಡಿ ಒತ್ತಿ ಹಿಡಿದಿದ್ದಾಗ ಬ್ಯಾಟರಿಯಲ್ಲಿ 12.1 ಇತ್ತು, ಮೋಟಾರಿನಲ್ಲಿ ಬರೀ 7.1. ನಡುವೆ 5 ವೋಲ್ಟನ್ನು ಯಾರೋ ನುಂಗುತ್ತಿದ್ದರು. ಹೋಗುವ ತಂತಿಯ ಎರಡು ತುದಿಗೆ ಮೀಟರು ಹಿಡಿದೆ, ರಿಲೇಯೂ ಸೇರಿ 0.4. ಹಿಂದಿರುಗುವ ದಾರಿಗೆ, ಎಂದರೆ ಮೋಟಾರಿನ ಮೈಯಿಂದ ಬ್ಯಾಟರಿಯ ಋಣ ತುದಿಗೆ ಹಿಡಿದೆ: 4.6! ಕಳ್ಳ ಸಿಕ್ಕಿದ್ದ.

ಇಂಥ ಮೋಟಾರು ನೂರು ಆಂಪಿಯರಿನಷ್ಟು ಎಳೆಯುತ್ತದೆ. ಒಂದು ಓಮಿನ 20ರಲ್ಲಿ ಒಂದು ಪಾಲು ತಡೆಯಿದ್ದರೆ ಸಾಕು, 5 ವೋಲ್ಟು ಹೋಯಿತು. ಮನೆಯ ದೀಪಕ್ಕೆ ಅಷ್ಟು ತಡೆ ಲೆಕ್ಕಕ್ಕೇ ಬಾರದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಒಯ್ದವರು ಅದನ್ನು ಸಾವಿರಾರು ವೋಲ್ಟಿಗೆ ಏರಿಸಿದ್ದು ಇದಕ್ಕೇ: ವೋಲ್ಟು ಹೆಚ್ಚಿದಷ್ಟೂ ಆಂಪಿಯರು ಕಡಿಮೆ ಸಾಕು, ದಾರಿಯ ಸುಂಕವೂ ಕಡಿಮೆ. 12 ವೋಲ್ಟಿನ ಸಂಸಾರದಲ್ಲಿ ಆ ಅನುಕೂಲವಿಲ್ಲ. ಕೆಂಪು ದೀಪದ ಗುಟ್ಟೂ ಬಿಟ್ಟಿತು. ಹಲಗೆಯ ನೆಲತಂತಿಯೂ ಅದೇ ಬೋಲ್ಟಿಗೆ ಕಟ್ಟಿತ್ತು. ಬೋಲ್ಟಿನ ರೋಗವನ್ನು ಅದು ಬ್ಯಾಟರಿಯ ರೋಗವೆಂದು ವರದಿ ಮಾಡುತ್ತಿತ್ತು.

ಬೋಲ್ಟು ಚಾಸಿಯ ಒಳಮಗ್ಗುಲಲ್ಲಿ ತುಕ್ಕು ಹಿಡಿದು ಕೂತಿತ್ತು. ಬಸ್ಸಿನ ಹಿಂದಿನ ಒಡೆಯ ಮಿಷಿಗನ್ನಿನವನಂತೆ. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಕಬ್ಬಿಣಕ್ಕೆ ಮಾಡುವುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಟ್ಟು ಅಳಿಯಂದಿರು ಟಾರ್ಚು ಹಿಡಿದರು. ಬೆಳಕು ನಡುಗುತ್ತಿತ್ತು.

“ಯಾಕಿಷ್ಟು ಅವಸರ? ಆಫೀಸಿಗೆ ಒಂದು ದಿನ ರಜೆ ಹೇಳಿ.”

“ಆಫೀಸಿಲ್ಲ ಮಾವ.”

ನಾನು ಬೋಲ್ಟಿನ ಮೇಲಿನ ಕಣ್ಣು ತೆಗೆಯಲಿಲ್ಲ. ಹೇಳುವವರಿಗೆ ಅದೇ ಹಿತವೆನಿಸಿತು. ಕಂಪನಿ ನೂರಾರು ಜನರನ್ನು ಒಟ್ಟಿಗೆ ಕಳಿಸಿದಾಗ ಇವರೂ ಹೋದರಂತೆ. ಕೆಲಸದ ವೀಸಾದವರಿಗೆ ಕೆಲಸ ಹೋದರೆ ಆ ದೇಶದಲ್ಲಿ ಉಳಿಯಲು ಹೆಚ್ಚೆಂದರೆ 60 ದಿನ. ಅದರಲ್ಲಿ 41 ಕಳೆದಿತ್ತು. ಪ್ರವಾಸ ನಿಲ್ಲಿಸಿದರೆ ನಮಗೆ ಸಂಶಯ ಬಂದೀತೆಂದು ನಿಲ್ಲಿಸಿರಲಿಲ್ಲ. ಸೋಮವಾರ ಬೆಳಗ್ಗೆ 9ಕ್ಕೆ ಫೀನಿಕ್ಸಿನಲ್ಲಿ ಸಂದರ್ಶನ.

“ಅತ್ತೆಗೆ ಗೊತ್ತಾಗೋದು ಬೇಡ.”

“ಆಯಿತು. ಆ ಉಪ್ಪುಕಾಗದ ಈಚೆ ಕೊಡಿ.”

ಬಣ್ಣವೂ ತುಕ್ಕೂ ಹೋಗಿ ಬಿಳಿಯ ಲೋಹ ಹೊಳೆಯುವವರೆಗೆ ಇಬ್ಬರೂ ಸರದಿಯ ಮೇಲೆ ಉಜ್ಜಿದೆವು. ತಂತಿಯ ತುದಿಯನ್ನೂ ಉಜ್ಜಿ, ಬಿಗಿದು, ಮೇಲೆ ಗ್ರೀಸು ಬಳಿದೆವು. ಮತ್ತೆ ಗುಂಡಿಯೊತ್ತಿದಾಗ 4.6 ಇದ್ದ ಕಡೆ 0.2. ಮೋಟಾರು ಮೊರೆಯಿತು. ದಿಮ್ಮಿಗಳನ್ನು ಎಳೆದುಹಾಕಿದ ಮೇಲೆ ನಾಲ್ಕು ಕಾಲುಗಳೂ ಒಂದೊಂದಾಗಿ ಮೇಲೇರಿದವು. ಒಳಗಿನಿಂದ ನನ್ನಾಕೆ, “ಕಾಫಿ ಆರಿ ಹೋಯಿತು, ಇನ್ನೂ ಏನು ಪಿಸಿಪಿಸಿ?” ಎಂದು ಕೂಗಿದಳು.

ಫೀನಿಕ್ಸಿನ ಕೆಲಸ ಸಿಕ್ಕಲಿಲ್ಲ. ಸಿಕ್ಕಿದ್ದು ಟೆಕ್ಸಾಸಿನದು, 52ನೆಯ ದಿನ, ಹಳೆಯದಕ್ಕಿಂತ ಕಡಿಮೆ ಸಂಬಳಕ್ಕೆ. ಕಾಗದಪತ್ರ ಸೇರಿದ್ದು 58ಕ್ಕೆ. ಬಸ್ಸಿನ ಪಾಲನ್ನು ಗೆಳೆಯರಿಗೇ ಬಿಟ್ಟುಕೊಟ್ಟರು. ಕೊಡುವ ಮುನ್ನ ಗುಂಡಿಗಳ ಹಲಗೆಯ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದಾರೆಂದು ಮಗಳು ಫೋಟೋ ಕಳಿಸಿದಳು. ಅಳಿಯಂದಿರ ಅಕ್ಷರ, ಕನ್ನಡದಲ್ಲಿ: ಕೆಂಪು ದೀಪ ನಂಬಬೇಡಿ, ನೆಲದ ತಂತಿ ನೋಡಿ.